ಗೆರೆಗೆ ಗೆರೆ ಕೂಡಿಸಿದವನು

"ಆನ್ ಆಗಲ್ಲ ಅಂದ್ರೆ ಆಗಲ್ಲ, ಅತ್ತಿಗೆ. ಸತ್ತವರ ನಾಡಿ ಹಿಡ್ಕೊಂಡು ಇನ್ನೆಷ್ಟು ಹೊತ್ತು ಕೂರ್ತೀರಿ?"

ಇನ್ಸ್‌ಪೆಕ್ಟರ್ ಮೈದುನ ಹೀಗೆಂದಾಗ ಉಗುರಕ್ಕ ತಲೆ ಎತ್ತಲಿಲ್ಲ. ಲ್ಯಾಪ್‌ಟಾಪಿನ ಪವರ್ ಬಟನ್ ಮೇಲೆ ಬೆರಳೂರಿ ಬಾಯೊಳಗೇ ಎಣಿಸುತ್ತಿದ್ದಳು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಬೆರಳು ತೆಗೆದಳು, ಮತ್ತೊಮ್ಮೆ ಒತ್ತಿದಳು. ದೀಪವಿಲ್ಲ, ಫ್ಯಾನಿನ ಸದ್ದಿಲ್ಲ. ಕಪ್ಪು ಪರದೆಯಲ್ಲಿ ಕಂಡದ್ದು ಅವಳದೇ ಮುಖ.

"ಸತ್ತಿದೆಯೋ ಇಲ್ವೋ ಅಂತ ಹೇಳೋ ಡಾಕ್ಟ್ರು ನಾನು, ನೀನಲ್ಲ. ಸುಮ್ನೆ ಕೂತ್ಕೋ."

ಸ್ಟೇಷನ್ನಿನಲ್ಲಿ ಅವನೆದುರು ಕೂರಲು ಜನ ಹೆದರುತ್ತಾರೆ. ಇಲ್ಲಿ ಅವನು ಪ್ರಿಂಟರಿನ ರಟ್ಟಿನ ಪೆಟ್ಟಿಗೆಯ ಮೇಲೆ ಮಂಡಿ ಮಡಚಿ ಕೂತ.

ಮೆಟ್ಟಿಲ ಕೆಳಗಿನ ಆ ರಿಪೇರಿ ಅಂಗಡಿ ಇಬ್ಬರಿಗೆ ಸಾಕು, ಮೂವರಿಗೆ ಇಕ್ಕಟ್ಟು. ಇವತ್ತು ನಾಲ್ವರಿದ್ದರು. ಮೇಜಿನ ಹಿಂದೆ ಉಗುರಕ್ಕ. ಬಲಗೈ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ಉದ್ದಕ್ಕೆ ಬಿಟ್ಟು, ಅದರಿಂದಲೇ ಲ್ಯಾಪ್‌ಟಾಪ್‌ಗಳ ಹೊಟ್ಟೆ ಬಿಚ್ಚುತ್ತಾಳೆಂದು ಬೀದಿಯ ಜನ ಇಟ್ಟ ಹೆಸರು ಅದು. ಎದುರಿಗೆ ಲಿಫ್ಟ್ ಮೇಷ್ಟ್ರ ಮಗಳು, ಕನ್ನಡಕದಂಗಡಿಯ ಕೆಲಸದಿಂದ ಸಮವಸ್ತ್ರದಲ್ಲೇ ಓಡಿ ಬಂದವಳು. ಅವಳ ಪಕ್ಕದಲ್ಲಿ ಮೇಷ್ಟ್ರ ಕೈಕೆಳಗೆ ಒಂಬತ್ತು ವರ್ಷ ದುಡಿದ ಸಹಾಯಕ. ಆಫೀಸಿನಿಂದ ಇನ್ನೊಂದು ಚಾರ್ಜರ್ ತಂದಿದ್ದ. ಬಾಗಿಲ ಬಳಿ ಮೈದುನ.

ಮೇಷ್ಟ್ರೆಂದರೆ ಶಾಲೆಯವರಲ್ಲ. ಊರಿನ ಕಟ್ಟಡಗಳ ಲಿಫ್ಟ್‌ಗಳನ್ನು ಪರೀಕ್ಷೆ ಮಾಡಿ, ಇದು ಓಡಬಹುದು, ಇದು ಓಡಬಾರದು ಎಂದು ಸಹಿ ಹಾಕುವ ಅಧಿಕಾರಿ. ಊರಿನ ಅರ್ಧ ಮೆಕ್ಯಾನಿಕ್‌ಗಳಿಗೆ ಕೆಲಸ ಕಲಿಸಿ ಮೇಷ್ಟ್ರಾದವರು. ಶನಿವಾರ ಮಧ್ಯಾಹ್ನ "ಒಂದು ಕಟ್ಟಡ ನೋಡ್ಕೊಂಡು ಬರ್ತೀನಿ" ಎಂದು ಹೋದರು. ಇವತ್ತು ಮಂಗಳವಾರ.

ಯಾವ ಕಟ್ಟಡ ಎಂಬುದು ಈ ಲ್ಯಾಪ್‌ಟಾಪಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮೇಷ್ಟ್ರು ದಿನಚರಿ ಬರೆಯುತ್ತಿದ್ದುದು ಇದರಲ್ಲೊಂದೇ. ಆಫೀಸಿನ ರಿಜಿಸ್ಟರಿನಲ್ಲಿ ಬರೆದರೆ, ತಾನು ಹೋಗುವ ಮೊದಲೇ ಕಟ್ಟಡದವರಿಗೆ ಸುದ್ದಿ ಮುಟ್ಟುತ್ತದೆ ಎಂಬ ಗುಮಾನಿ ಅವರಿಗೆ.

"ಅಕ್ಕಾ," ಎಂದಳು ಮಗಳು. "ಅಪ್ಪಂಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಇಂಜೆಕ್ಷನ್ ಬೇಕು. ಚೀಲದಲ್ಲಿ ಇದ್ದಿದ್ದು ಮೂರು ದಿನಕ್ಕೆ ಆಗೋಷ್ಟು. ನಿನ್ನೆ ರಾತ್ರಿಗೇ ಮುಗ್ದಿರತ್ತೆ. ಎಲ್ಲೋ ಲಿಫ್ಟ್ ಗುಂಡಿಯಲ್ಲಿ ಬಿದ್ದಿದ್ರೆ..."

ಮೇಜಿನ ಅಂಚು ಹಿಡಿದಳು. ಯಂತ್ರ ಕೆಟ್ಟರೆ ಉಗುರಕ್ಕನಿಗೆ ಹುರುಪು. ಎದುರಿಗಿರುವವರು ಅತ್ತರೆ ಕೈ ಆಡುವುದಿಲ್ಲ.

"ಬಿದ್ದಿದ್ರೆ ಎತ್ತೋಣ. ಮೊದಲು ಎಲ್ಲಿ ಅಂತ ಇದನ್ನ ಕೇಳೋಣ. ಇರು."

"ಅದನ್ನೇ ನಾನೂ ಹೇಳ್ತಿರೋದು," ಎಂದ ಮೈದುನ. "ನಮ್ಮ ಲ್ಯಾಬಿಗೆ ಕಳಿಸೋಣ. ಅಲ್ಲಿ ಕಾನೂನು ಪ್ರಕಾರ ಬಿಚ್ತಾರೆ. ಇಲ್ಲಿ ಬಿಚ್ಚಿ ನಾಳೆ ಸಾಕ್ಷಿ ಕೆಡ್ತು ಅಂದ್ರೆ ನನ್ನ ತಲೆಗೆ ಬರತ್ತೆ."

"ಲ್ಯಾಬಲ್ಲಿ ಎಷ್ಟು ದಿನ?"

"ಆರು ವಾರ."

"ಆರು ವಾರಕ್ಕೆ ಇಂಜೆಕ್ಷನ್ ನೀನು ಕೊಟ್ಟು ಬಂದಿದ್ಯಾ?"

ಮೈದುನ ಪೆಟ್ಟಿಗೆಯ ಮೇಲೆ ಸರಿದು ಕೂತ. ಅವನು ಎಂಟನೇ ಕ್ಲಾಸಿನಲ್ಲಿದ್ದಾಗ ಈ ಮನೆಗೆ ಸೊಸೆಯಾಗಿ ಬಂದವಳು ಅವಳು. ಬೀಜಗಣಿತ ಕಲಿಸುತ್ತಾ ಅವನ ಕಿವಿ ಹಿಂಡಿದವಳು. ಆ ಸಲಿಗೆ ಪೊಲೀಸ್ ಟೋಪಿ ಬಂದ ಮೇಲೂ ಹೋಗಿರಲಿಲ್ಲ.

ಉಗುರಕ್ಕ ಮಗಳು ತಂದ ಚಾರ್ಜರನ್ನು ಗೋಡೆಗೆ ಸಿಕ್ಕಿಸಿದಳು. ಅದರ ಡಬ್ಬಿಯ ಮೇಲೆ ಹಸಿರು ದೀಪ ಹತ್ತಿತು. ತುದಿಯನ್ನು ಲ್ಯಾಪ್‌ಟಾಪಿಗೆ ಚುಚ್ಚಿದಳು. ದೀಪ ಆರಿತು. ಕಿತ್ತಳು, ದೀಪ ಮತ್ತೆ ಹತ್ತಿತು. ಸಹಾಯಕ ತಂದ ಚಾರ್ಜರ್ ಹಾಕಿ ನೋಡಿದಳು. ಅದೂ ಹಾಗೇ, ಚುಚ್ಚಿದರೆ ಆರುತ್ತದೆ, ಕಿತ್ತರೆ ಹತ್ತುತ್ತದೆ.

"ಚಾರ್ಜರ್ ಹೋಗಿದೆ ಅನ್ಕೊಂಡೆ ನಾನು," ಎಂದ ಸಹಾಯಕ. ಹಣೆಯ ಮೇಲೆ ಬೆವರಿತ್ತು. ಫ್ಯಾನು ಅವನ ಕಡೆಗೇ ತಿರುಗಿತ್ತು.

"ಎಲ್ರೂ ಹಾಗೇ ಅನ್ಕೊಳ್ಳೋದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಚಾರ್ಜರ್ ಸರಿಯಾಗೇ ಇದೆ. ಒಳಗೆ ಏನೋ ಒಂದಕ್ಕೊಂದು ತಾಗಿದೆ. ಕರೆಂಟ್ ಒಳಗೆ ಹೋದ ಕೂಡ್ಲೇ ಚಾರ್ಜರ್ ಹೆದರಿ ಕೈ ಬಿಡ್ತಿದೆ."

"ಅಂದ್ರೆ ಶಾರ್ಟ್?" ಎಂದಳು ಮಗಳು.

"ಹೂಂ. ಯಾವತ್ತಿನವರೆಗೆ ಆನ್ ಆಗ್ತಿತ್ತು?"

"ಭಾನುವಾರ ಆಯ್ತು. ಪಾಸ್‌ವರ್ಡ್ ಕೇಳ್ತು. ನಂಗೆ ಗೊತ್ತಿಲ್ಲ. ಅಮ್ಮನ ಹೆಸ್ರು, ನನ್ನ ಹುಟ್ಟಿದ ತಾರೀಕು, ಏನೇನೋ ಹಾಕ್ದೆ. ನಿನ್ನೆ ಬೆಳಿಗ್ಗೆನೂ ಆಯ್ತು. ಸಂಜೆ ಕೆಲಸದಿಂದ ಬಂದು ನೋಡ್ತೀನಿ, ಹೀಗೆ."

ಬೆಳಿಗ್ಗೆ ಇದ್ದ ಜೀವ ಸಂಜೆಗಿಲ್ಲ. ಉಗುರಕ್ಕ ಯಂತ್ರವನ್ನು ಮಗುಚಿ ಹಾಕಿದಳು.

ಹಿಂಬದಿಯ ಹನ್ನೊಂದು ಸ್ಕ್ರೂಗಳ ಮೇಲೂ ಒಂದೊಂದು ಸಣ್ಣ ಹಳದಿ ಗೆರೆ. ಸ್ಕ್ರೂವಿನ ತಲೆಯಿಂದ ಶುರುವಾಗಿ ಪಕ್ಕದ ಮೈಮೇಲೆ ಹರಿದು ನಿಂತ ಬಣ್ಣ.

"ಇದೇನಿದು?"

ಮಗಳ ಮುಖದಲ್ಲಿ ಮೂರು ದಿನದ ನಂತರ ನಗುವಿನಂಥದ್ದೇನೋ ಸುಳಿಯಿತು. "ಅದು ಅಪ್ಪನ ಚಟ. ಲಿಫ್ಟಲ್ಲಿ ಬೋಲ್ಟ್ ಬಿಗಿ ಮಾಡಿದ್ಮೇಲೆ ಅಡ್ಡಕ್ಕೊಂದು ಗೆರೆ ಎಳೀತಾರಲ್ಲ, ಹಾಗೆ. ಬೋಲ್ಟ್ ಸಡಿಲ ಆದ್ರೆ ಗೆರೆ ತುಂಡಾಗಿ ಗೊತ್ತಾಗತ್ತೆ. ಅಪ್ಪ ಮನೇಲಿ ಏನನ್ನೂ ಬಿಟ್ಟಿಲ್ಲ. ಫ್ಯಾನು, ಬಾಗಿಲ ಹಿಡಿ, ಕುಕ್ಕರ್ ಹಿಡಿ. ನನ್ನ ಕನ್ನಡಕಕ್ಕೂ ಎಳೆದಿದ್ರು, ನಾನು ಜಗಳ ಆಡಿ ಅಳಿಸ್ದೆ."

ಮೈದುನ ಎದ್ದು ಬಂದು ಬಗ್ಗಿ ನೋಡಿದ. "ಗೆರೆ ಎಲ್ಲಾ ಕೂಡಿದೆಯಲ್ಲ! ಅಂದ್ರೆ ಯಾರೂ ಬಿಚ್ಚಿಲ್ಲ. ತಾನಾಗೇ ಕೆಟ್ಟಿದೆ. ಮುಗೀತು."

ನೋಟಕ್ಕೆ ಅವನ ಮಾತು ಸರಿಯಿತ್ತು. ಉಗುರಕ್ಕ ಭೂತಗನ್ನಡಿಯನ್ನು ಕಣ್ಣಿಗೆ ಏರಿಸಿಕೊಂಡು ಒಂದೊಂದೇ ಗೆರೆಯನ್ನು ನೋಡುತ್ತಾ ಹೋದಳು. ಹೆಬ್ಬೆರಳ ಉಗುರನ್ನು ಬಣ್ಣದ ಮೇಲೆ ಮೆಲ್ಲಗೆ ಎಳೆದಳು. ಸ್ಕ್ರೂವಿನ ಅಂಚಿಗೆ ಬಂದಾಗ ಉಗುರು ತಡೆಯಿತು.

"ಬಣ್ಣ ಬಿರಿದಿದೆ," ಎಂದಳು. "ಕೂದಲೆಳೆಯಷ್ಟು. ಹನ್ನೊಂದರಲ್ಲೂ. ಯಾರೋ ಎಲ್ಲಾ ಬಿಚ್ಚಿದ್ದಾರೆ. ಬಿಚ್ಚಿ, ತಿರುಗಿ ಹಾಕುವಾಗ ಗೆರೆಗೆ ಗೆರೆ ಕೂಡಿಸಿದ್ದಾರೆ."



ಅವಳು ಬಿಳಿ ಹಾಳೆಯೊಂದರ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಚಿತ್ರ ಗೀಚಿದಳು. ಕೆಲಸ ಕಲಿತ ದಿನದಿಂದ ಅವಳದು ಇದೇ ಪದ್ಧತಿ. ತೆಗೆದ ಸ್ಕ್ರೂವನ್ನು ಚಿತ್ರದಲ್ಲಿ ಅದರದೇ ಜಾಗಕ್ಕೆ ಅಂಟಿಸಿಡುವುದು. ಸ್ಕ್ರೂಗಳೆಲ್ಲ ಒಂದೇ ಅಳತೆಯವಲ್ಲ. ಹಿಂದೆ, ಪರದೆಯ ಕೀಲಿನ ಹತ್ತಿರ ಉದ್ದನೆಯವು. ಮುಂದೆ, ಕೈ ಊರುವ ಕಡೆ ಗಿಡ್ಡನೆಯವು. ಜಾಗ ಅದಲುಬದಲಾದರೆ ಕೆಲಸ ಕೆಟ್ಟಂತೆಯೇ. ಇದು ರಿಪೇರಿಯವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ.

ಒಂಬತ್ತು ಸ್ಕ್ರೂ ಸಲೀಸಾಗಿ ಬಂದವು. ಹಿಂದಿನ ಒಂದು, ಸ್ಕ್ರೂ ಡ್ರೈವರ್ ತಾಗಿದ ಕೂಡಲೇ ಗಿರ್ರನೆ ತಿರುಗಿ ಹೊರಬಿತ್ತು. ಗಿಡ್ಡನೆಯದು. ಉದ್ದನೆಯದಿರಬೇಕಾದ ಜಾಗದಲ್ಲಿ ಗಿಡ್ಡನೆಯದು.

ಹಾಗಾದರೆ ಆ ಉದ್ದನೆಯದು ಎಲ್ಲಿ?

ಮುಂಭಾಗದ ಎಡಮೂಲೆಯ ಸ್ಕ್ರೂ ಮೊಂಡು ಹಿಡಿದಿತ್ತು. ಅರ್ಧ ಸುತ್ತು ತಿರುಗಿಸಿದಾಗ ಕಟ್ ಎಂದು ಏನೋ ಒಡೆದ ಸದ್ದು ಬಂತು. ಹೊರಬಂದ ಸ್ಕ್ರೂ ಗಿಡ್ಡದ್ದರ ಎರಡರಷ್ಟಿತ್ತು. ಅದರ ತುದಿಯಲ್ಲಿ ಹಸಿರು ಪುಡಿ ಅಂಟಿತ್ತು.

ಉಗುರಕ್ಕ ಉಗುರು ತೂರಿಸಿ ಬೆನ್ನಿನ ತಗಡು ಎಬ್ಬಿಸಿದಳು. ಹಸಿರು ಮದರ್‌ಬೋರ್ಡಿನ ಮೂಲೆಯಲ್ಲಿ ಸ್ಕ್ರೂ ಕೊರೆದ ಗುಳಿ, ಸುತ್ತ ಸುಟ್ಟ ಕಪ್ಪು. ತಂತಿಗೆ ತಂತಿ ತಾಗಿ ಹೋಗಿತ್ತು.

"ಇಲ್ಲಿ ನೋಡಿ," ಎಂದು ಕರೆದಳು. ಮೂವರೂ ಬಗ್ಗಿದರು. "ಇದು ಒಂದು. ಎರಡನೇದು, ಬ್ಯಾಟರಿ ವೈರ್ ಯಾರೋ ಕಿತ್ತಿದ್ದಾರೆ. ಒಡೆದಿಲ್ಲ, ಕತ್ತರಿಸಿಲ್ಲ, ನಾಜೂಕಾಗಿ ಕಿತ್ತು ಪಕ್ಕಕ್ಕೆ ಮಡಚಿಟ್ಟಿದ್ದಾರೆ. ಮೂರನೇದು, ಈ ಪಟ್ಟಿ." ಚೂಯಿಂಗ್ ಗಮ್ಮಿನಷ್ಟು ತೆಳ್ಳಗಿನ ಎಸ್‌ಎಸ್‌ಡಿಯನ್ನು ತೋರಿಸಿದಳು. ಮೇಷ್ಟ್ರು ಬರೆದಿಟ್ಟದ್ದೆಲ್ಲ ಇರುವುದು ಅದರಲ್ಲೇ. "ಇದರ ಮೇಲಿನ ಧೂಳು ಅಲುಗಿಲ್ಲ."

"ಹಾಗಂದ್ರೆ?" ಎಂದಳು ಮಗಳು.

"ಬಂದವನಿಗೆ ಇದನ್ನ ಕದಿಯೋದು ಬೇಕಿರ್ಲಿಲ್ಲ. ಹಾಳು ಮಾಡೋದೂ ಬೇಕಿರ್ಲಿಲ್ಲ. ಬ್ಯಾಟರಿ ಕಿತ್ರೆ ಲ್ಯಾಪ್‌ಟಾಪ್ ಕೆಟ್ಟಂಗೆ ಕಾಣತ್ತೆ, ಆಮೇಲೆ ಸಿಕ್ಕಿಸಿದ್ರೆ ಸರಿ ಹೋಗತ್ತೆ. ಚಾರ್ಜರ್ ಹಾಕಿದ್ರೆ ಆನ್ ಆಗ್ಬಹುದು ಅಂತ ಅವನಿಗೆ ಹೊಳೀಲಿಲ್ಲ. ಅವನಿಗೆ ಬೇಕಿದ್ದಿದ್ದು ಒಂದೆರಡು ದಿನ ಅಷ್ಟೇ. ಆದ್ರೆ ತಿರುಗಿ ಹಾಕುವಾಗ ಸ್ಕ್ರೂ ಅದಲುಬದಲು ಮಾಡಿ, ಗೊತ್ತಿಲ್ದೆ ಕೊಂದೇಬಿಟ್ಟ."

ಒಂದೆರಡು ದಿನ ಯಾರಿಗೆ ಬೇಕು? ಏತಕ್ಕೆ? ಈ ಪ್ರಶ್ನೆಯನ್ನು ಅವಳು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದು ಬೇರೆ.

"ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಮನೆಗೆ ಯಾರ್ಯಾರು ಬಂದಿದ್ರು?"

ಮಗಳು ನೆನೆಸಿಕೊಂಡು ಹೇಳಿದಳು. "ಇಬ್ರೇ. ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಸರ್ ಬಂದ್ರು, ವಿಚಾರಣೆಗೆ. ಅಪ್ಪನ ಮೇಜಿನ ಹತ್ರಾನೇ ಕೂತಿದ್ರು. ಹನ್ನೆರಡಕ್ಕೆ ನಾನು ಕೆಲಸಕ್ಕೆ ಹೊರಟೆ. ಆಮೇಲೆ ಆಫೀಸಿನ ಫೈಲ್ ಬೇಕು ಅಂತ ಈ ಅಣ್ಣ ಬಂದಿದ್ರಂತೆ. ಪಕ್ಕದ ಮನೆಯಿಂದ ಬೀಗದ ಕೈ ಇಸ್ಕೊಂಡಿದ್ದಾರೆ."

ಮೈದುನ ಗಟ್ಟಿಯಾಗಿ ನಕ್ಕ. "ನೀವೂ ಇದ್ರಲ್ಲ ತಾಯಿ, ನಿಮ್ಮನ್ನ ಬಿಟ್ಟು ಲೆಕ್ಕ ಹಾಕ್ತೀರಲ್ಲ! ಕನ್ನಡಕದಂಗಡೀಲಿ ಇಡೀ ದಿನ ಸಣ್ಣ ಸ್ಕ್ರೂ ಡ್ರೈವರ್ ಹಿಡಿಯೋರು ನೀವು. ಅಪ್ಪನ ಗೆರೆ ವಿಷಯ ಗೊತ್ತಿರೋರೂ ನೀವು."

ಮಗಳ ಮುಖ ಕೆಂಪಾಯಿತು. ಆದರೆ ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಉಗುರಕ್ಕನಿಗೂ ಅದೇ ಅನುಮಾನ ಐದು ನಿಮಿಷದ ಹಿಂದೆಯೇ ಬಂದಿತ್ತು. ಅಪ್ಪನನ್ನು ಹುಡುಕಿಕೊಡಿ ಎಂದು ಅಳುತ್ತಾ ಬಂದ ಮಕ್ಕಳೇ ಅಪ್ಪನನ್ನು ಬಚ್ಚಿಟ್ಟ ಕಥೆಗಳು ಲೋಕದಲ್ಲಿ ಕಡಿಮೆಯಿಲ್ಲ.

ಅವಳು ಮೇಜಿನ ಕೆಳಗಿನಿಂದ ಗುಜರಿ ಲ್ಯಾಪ್‌ಟಾಪೊಂದನ್ನು ಎಳೆದಳು. ಹಾಳಾದ ಬೋರ್ಡು, ಬಿಡಿಭಾಗಕ್ಕೆಂದು ಇಟ್ಟುಕೊಂಡದ್ದು. ಅದರ ಬೆನ್ನಿನ ಮೂರು ಗಿಡ್ಡ ತೂತುಗಳ ಪಕ್ಕ ಹಳದಿ ಉಗುರುಬಣ್ಣದಲ್ಲಿ ಗುರುತು ಹಾಕಿದಳು. ಮೂರು ಉದ್ದ ಸ್ಕ್ರೂಗಳ ತಲೆಯ ಮೇಲೂ ಒಂದೊಂದು ಗೆರೆ ಎಳೆದಳು. ಬಾಯಿಂದ ಊದಿ ಒಣಗಿಸಿದಳು.

"ಮೂರೂ ಜನ ಒಂದೊಂದು ಹಾಕಿ."

"ಅತ್ತಿಗೆ, ನನ್ನ ಮೇಲೂ ಅನುಮಾನಾನಾ?"

"ಅನುಮಾನಕ್ಕೆ ನೆಂಟಸ್ತಿಕೆ ಇಲ್ಲ ಮರಿ. ಹಾಕು."

ಮೈದುನ ನಗುತ್ತಲೇ ಸ್ಕ್ರೂ ಡ್ರೈವರ್ ಹಿಡಿದ. ಎರಡು ಸಲ ಜಾರಿಸಿದ. ಸ್ಕ್ರೂ ಬಿಗಿಯಾದ ಕಡೆ ಬಿಟ್ಟು, ಕೈ ಒರೆಸಿಕೊಂಡು ಮತ್ತೆ ಪೆಟ್ಟಿಗೆಯ ಮೇಲೆ ಕೂತ. ತಲೆಯ ಗೆರೆ ಉತ್ತರಕ್ಕೆ, ಮೈಯ ಗುರುತು ಪೂರ್ವಕ್ಕೆ. ಅವನು ಅವನ್ನು ನೋಡಿಯೇ ಇರಲಿಲ್ಲ. ಉಗುರಕ್ಕನ ಎದೆಯಿಂದ ಒಂದು ಭಾರ ಇಳಿಯಿತು. ಅಷ್ಟು ಹೊತ್ತು ಅದನ್ನು ಹೊತ್ತಿದ್ದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಮಗಳು ಸ್ಕ್ರೂವನ್ನು ಬೆರಳ ತುದಿಯಲ್ಲೇ ಎರಡು ಸುತ್ತು ತಿರುಗಿಸಿ ನಿಲ್ಲಿಸಿದಳು. ಹೊರತೆಗೆದು ಬೆಳಕಿಗೆ ಹಿಡಿದಳು. "ಅಕ್ಕಾ, ಇದು ಈ ತೂತಿಂದಲ್ಲ. ಉದ್ದ ಇದೆ. ಒಳಗೆ ಏನಕ್ಕೋ ತಾಗ್ತಿದೆ." ಕನ್ನಡಕದ ಕೆಲಸ ಮಾಡಿದ ಬೆರಳು ಸುಳ್ಳು ಹೇಳುವುದಿಲ್ಲ.

ಸಹಾಯಕನ ಸರದಿ ಬಂತು. ಅವನು ಸ್ಕ್ರೂ ಡ್ರೈವರ್ ತೆಗೆದುಕೊಂಡ. ಸ್ಕ್ರೂ ಇಳಿಯಿತು, ಬಿಗಿಯಾಯಿತು, ನಿಂತಿತು. ಗೆರೆ ಕೂಡಲು ಇನ್ನೂ ಅರ್ಧ ಸುತ್ತು ಬಾಕಿಯಿತ್ತು. ಅವನು ಒಂದು ಕ್ಷಣ ತಡೆದ. ಆಮೇಲೆ, ಒಂಬತ್ತು ವರ್ಷ ದಿನಕ್ಕೆ ನೂರು ಸಲ ಮಾಡಿದ ಕೆಲಸವನ್ನು ಕೈ ತನ್ನ ಪಾಡಿಗೆ ತಾನು ಮಾಡಿತು. ಅಂಗೈ ಊರಿ ಒತ್ತಿದ. ಹಳದಿಗೆ ಹಳದಿ ಕೂಡಿತು. ಒಳಗೆ ಕಟ್ ಎಂದು ಬೋರ್ಡು ಒಡೆಯಿತು.

ಆ ಸದ್ದು ನಾಲ್ವರಿಗೂ ಕೇಳಿಸಿತು. ಸಹಾಯಕನ ಕೈಯಿಂದ ಸ್ಕ್ರೂ ಡ್ರೈವರ್ ಜಾರಿ ಮೇಜಿನ ಮೇಲೆ ಬಿತ್ತು.

"ರಿಪೇರಿ ಮಾಡೋರು ಬಿಗಿಯಾದ ಕಡೆ ನಿಲ್ಲಿಸ್ತಾರೆ," ಎಂದಳು ಉಗುರಕ್ಕ ಮೆಲ್ಲಗೆ. "ಗೊತ್ತಿಲ್ದೋರಿಗೆ ಗೆರೆ ಕಣ್ಣಿಗೇ ಬೀಳಲ್ಲ. ಗೆರೆ ಕೂಡೋವರೆಗೆ ಬಿಡಬಾರದು ಅಂತ ಕಲ್ತಿರೋರು ಲಿಫ್ಟಿನವರು ಮಾತ್ರ. ನಿಮ್ಮ ಮೇಷ್ಟ್ರು ಚೆನ್ನಾಗೇ ಕಲಿಸಿದ್ದಾರೆ."

"ಅಣ್ಣಾ, ನೀವಾ?" ಎಂದಳು ಮಗಳು. ಕೋಪಕ್ಕಿಂತ ಹೆಚ್ಚಾಗಿ ನಂಬಲಾಗದ ದನಿ ಅದು. "ನಮ್ಮನೇಲಿ ಉಂಡಿದ್ದೀರಿ. ಭಾನುವಾರ ನನ್ನ ಜೊತೆ ಆಸ್ಪತ್ರೆ ಆಸ್ಪತ್ರೆ ಅಲೆದ್ರಿ. ಎಲ್ಲಿ ನಮ್ಮಪ್ಪ?"

"ನಂಗೊತ್ತಿಲ್ಲಮ್ಮ! ದೇವರಾಣೆ ಗೊತ್ತಿಲ್ಲ!"

"ಮತ್ತೆ ಯಾಕೆ ಬಿಚ್ಚಿದ್ರಿ?"

ಸಹಾಯಕ ಗೋಡೆಗೆ ಒರಗಿದ. "ಮೇಷ್ಟ್ರೇ ಹೇಳಿದ್ರು."

"ಯಾವಾಗ?" ಉಗುರಕ್ಕನ ದನಿ ಚೂಪಾಯಿತು.

"ನಿನ್ನೆ."

ಅವನು ಜೇಬಿನಿಂದ ಫೋನು ತೆಗೆದು, ಹುಡುಕಿ, ಅವಳ ಮುಂದೆ ಹಿಡಿದ. ಮೇಷ್ಟ್ರ ನಂಬರಿನಿಂದ ಬಂದ ಸಂದೇಶ. ಸೋಮವಾರ, ಮಧ್ಯಾಹ್ನ ಹನ್ನೆರಡೂವರೆ.

"ಮನೆಗೆ ಹೋಗಿ ಲ್ಯಾಪ್‌ಟಾಪಿನ ಬ್ಯಾಟರಿ ವೈರ್ ಕಿತ್ತಿಡು. ಬೇರೆ ಏನೂ ಮುಟ್ಟಬೇಡ. ಬಿಚ್ಚಿದ್ದು ಗೊತ್ತಾಗಬಾರದು. ಮಗಳಿಗೂ ಹೇಳಬೇಡ. ಬಂದ ಮೇಲೆ ಎಲ್ಲಾ ಹೇಳ್ತೀನಿ."

"ಕೂಡ್ಲೇ ಫೋನ್ ಮಾಡ್ದೆ ಅಕ್ಕ. ಸ್ವಿಚ್ ಆಫ್. ಹತ್ತು ಸಲ ಮಾಡ್ದೆ. ಮೇಷ್ಟ್ರು ಯಾರಿಗೋ ಹೆದರಿ ಅಡಗಿದ್ದಾರೆ, ಬದುಕಿದ್ದಾರೆ, ಅಷ್ಟು ಸಾಕು ಅನ್ಕೊಂಡೆ. ಅವರು ಬೇಡ ಅಂದ್ಮೇಲೆ ಬಾಯಿಬಿಟ್ರೆ ಅವರ ಪ್ರಾಣಕ್ಕೇ ಕುತ್ತು ಬಂದ್ರೆ ಅಂತ ಭಯ. ಎರಡು ಸ್ಕ್ರೂ ಅದಲುಬದಲಾಗಿದ್ದು ನಂಗೆ ಗೊತ್ತೇ ಆಗ್ಲಿಲ್ಲ. ಗೆರೆ ಕೂಡ್ತಲ್ಲ, ಸರಿ ಇದೆ ಅನ್ಕೊಂಡೆ."

ಮಗಳು ಫೋನನ್ನು ಕಿತ್ತುಕೊಂಡು ಆ ಐದು ಸಾಲನ್ನು ಓದಿದಳು, ಮತ್ತೆ ಓದಿದಳು. "ಬದುಕಿದ್ದಾರೆ," ಎಂದಳು. "ನಿನ್ನೆ ಮಧ್ಯಾಹ್ನ ಬದುಕಿದ್ರು ಅಕ್ಕಾ!"

ಅಥವಾ ಅವರ ಫೋನು ಬೇರೆಯವರ ಕೈಯಲ್ಲಿತ್ತು. ಉಗುರಕ್ಕ ಅದನ್ನು ಹೇಳುವ ಮನಸ್ಸಾಗದೆ ನುಂಗಿಕೊಂಡಳು. ಬಿಚ್ಚಿದ್ದು ಗೊತ್ತಾಗಬಾರದು ಎನ್ನುವ ಮಾತು ಅವಳಿಗೆ ಹಿಡಿಸಲಿಲ್ಲ. ಯಾರೋ ಬಿಚ್ಚಿದರೆ ಗೊತ್ತಾಗಲಿ ಎಂದೇ ಜೀವಮಾನವಿಡೀ ಗೆರೆ ಎಳೆದ ಮನುಷ್ಯನ ಮಾತೇ ಇದು?

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಹೊಳೆದದ್ದು ಬೇಡವಾಗಿತ್ತು.

ಇವತ್ತು ಅಂಗಡಿಗೆ ಕಾಲಿಡುತ್ತಲೇ ಮೈದುನ ಏನೆಂದಿದ್ದ? ಮೇಷ್ಟ್ರ ಫೋನು ಶನಿವಾರ ಸಂಜೆ ಆಫ್ ಆದದ್ದು ಆಮೇಲೆ ಒಮ್ಮೆಯೂ ಆನ್ ಆಗಿಲ್ಲ, ಫೋನ್ ಕಂಪನಿಯ ವರದಿಯನ್ನು ನಾನೇ ಕಣ್ಣಾರೆ ನೋಡಿದ್ದೇನೆ ಎಂದಿದ್ದ. ಆಫ್ ಆಗಿದ್ದ ಫೋನು ಸೋಮವಾರ ಮಾತಾಡಿದೆ ಎಂದರೆ ಯಾವ ಪೊಲೀಸನಾದರೂ ಹೌಹಾರಿ ಎದ್ದು ನಿಲ್ಲಬೇಕು. ಫೋನು ಕಸಿದುಕೊಳ್ಳಬೇಕು, ಹತ್ತು ಕಡೆ ಕರೆ ಮಾಡಬೇಕು.

ಅವನು ಕೂತಲ್ಲೇ ಕೂತಿದ್ದ. ಸಂದೇಶ ನೋಡಲು ಕೈ ಕೂಡ ಚಾಚಿರಲಿಲ್ಲ.

"ಆ ವರದಿ ಎಲ್ಲಿದೆ?" ಎಂದು ಕೇಳಿದಳು, ಆದಷ್ಟು ಸಹಜವಾಗಿ.

"ಯಾವ್ದು? ಓ, ಅದು ಸ್ಟೇಷನ್ನಲ್ಲಿದೆ. ಅದ್ರಲ್ಲೇನೋ ತಪ್ಪಾಗಿರ್ಬೇಕು. ಕಂಪನಿಯವರು ಒಂದೊಂದ್ಸಲ ಹಾಗೇ ಕಳಿಸ್ತಾರೆ." ಅವನು ಎದ್ದು ಸಹಾಯಕನ ಭುಜದ ಮೇಲೆ ಕೈ ಇಟ್ಟ. "ಬಾರಪ್ಪ, ನೀನು ಸ್ಟೇಷನ್ನಿಗೆ ಬಾ. ಹೇಳಿಕೆ ಬರ್ಕೊಳ್ಳೋಣ. ಲ್ಯಾಪ್‌ಟಾಪ್ ಹೇಗಿದ್ರೂ ಹೋಯ್ತಲ್ಲ. ಅತ್ತಿಗೆ, ಅದನ್ನ ಹಾಗೇ ಕಟ್ಟಿಕೊಡಿ."

"ಲ್ಯಾಪ್‌ಟಾಪ್ ಹೋಯ್ತು," ಎಂದಳು ಉಗುರಕ್ಕ. "ದಿನಚರಿ ಹೋಗಿಲ್ಲ."

ಎಸ್‌ಎಸ್‌ಡಿಯ ಸ್ಕ್ರೂ ಬಿಚ್ಚಿ, ಪಟ್ಟಿಯನ್ನು ಮೇಲಕ್ಕೆತ್ತಿ ಎಳೆದಳು. ಅದನ್ನು ಬೆಂಕಿಪೆಟ್ಟಿಗೆಯಷ್ಟು ಉದ್ದದ ಲೋಹದ ಡಬ್ಬಿಯೊಳಗೆ ಕೂರಿಸಿದಳು. ಡಬ್ಬಿಯ ಬಾಲವನ್ನು ತನ್ನ ಸ್ವಂತ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಎಲ್ಲಾ ಸೇರಿ ಎರಡು ನಿಮಿಷದ ಕೆಲಸ.

"ಪಾಸ್‌ವರ್ಡ್?" ಎಂದಳು ಮಗಳು.

"ಪಾಸ್‌ವರ್ಡ್ ಇರೋದು ಮುಂಬಾಗಿಲಿಗೆ. ನಾವು ಹಿತ್ತಲಿಂದ ಹೋಗ್ತಿದೀವಿ. ನಿಮ್ಮಪ್ಪ ಅಲ್ಲಿ ಬೀಗ ಹಾಕಿಲ್ಲ."

ಪರದೆಯ ಮೇಲೆ ಮೇಷ್ಟ್ರ ಕಡತಗಳು ಸಾಲಾಗಿ ಬಂದವು. ದಿನಚರಿ ಎಂಬ ಹೆಸರಿನದನ್ನು ತೆರೆದಳು. ಕೊನೆಯ ಪುಟಕ್ಕೆ ಹೋದಳು. ಪರದೆ ಅವಳ ಕಡೆಗಷ್ಟೇ ತಿರುಗಿತ್ತು.

"ಗುರುವಾರ. ಆಫೀಸಿನ ಹಿಂದಿನ ಬೀದಿಯ ಆರು ಅಂತಸ್ತಿನ ಮನೆಗಳು. ಹಿಂಬದಿಯ ಲಿಫ್ಟ್. ಹಗ್ಗದ ಎಳೆ ಕಿತ್ತಿವೆ, ಇಂದೇ ನಿಲ್ಲಿಸಬೇಕು ಎಂದು ಹೇಳಿದೆ. ಲಿಫ್ಟ್ ಗುಂಡಿಯ ಕೆಳಗೆ ನಕ್ಷೆಯಲ್ಲಿಲ್ಲದ ಕೋಣೆಯಿದೆ. ಅದರ ಬೀಗ ತೆಗೆಯಲು ಒಪ್ಪಲಿಲ್ಲ. ಶನಿವಾರ ಐದು ಗಂಟೆಗೆ ಬಂದರೆ ತೆಗೆದು ತೋರಿಸುತ್ತೇನೆ, ಒಬ್ಬರೇ ಬನ್ನಿ ಎಂದಿದ್ದಾರೆ. ಮಾತಾಡಿದವರು: ನಿವಾಸಿಗಳ ಸಂಘದ ಕಾರ್ಯದರ್ಶಿ."

ಅದರ ಕೆಳಗೆ ಒಂದು ಫೋನ್ ನಂಬರ್.

ಉಗುರಕ್ಕ ಆ ಕಟ್ಟಡಕ್ಕೆ ತಿಂಗಳಿಗೆ ಎರಡು ಸಲವಾದರೂ ಹೋಗುತ್ತಾಳೆ. ಮೂರನೇ ಮಹಡಿ, ಎಡಗಡೆ ಮೈದುನನ ಮನೆ. ಅದು ಯಾರ ನಂಬರೆಂದು ಹುಡುಕಬೇಕಾಗಿರಲಿಲ್ಲ. ಊಟಕ್ಕೆ ಬರ್ತೀಯಾ ಎಂದು ಕೇಳಲು ಹದಿನೆಂಟು ವರ್ಷದಿಂದ ಅವಳು ಒತ್ತುತ್ತಾ ಬಂದ ನಂಬರ್ ಅದು.

"ಏನಾದ್ರೂ ಸಿಕ್ತಾ, ಅತ್ತಿಗೆ?"

ದನಿ ತೀರಾ ಮೆತ್ತಗಿತ್ತು. ಬೀಜಗಣಿತದ ಲೆಕ್ಕ ತಪ್ಪು ಮಾಡಿ ಪುಸ್ತಕ ಮುಚ್ಚಿಕೊಂಡು ನಿಲ್ಲುತ್ತಿದ್ದ ಹುಡುಗನ ದನಿ. ಒಂದು ಗಳಿಗೆ, ಇದನ್ನು ಮುಚ್ಚಿಬಿಡೋಣ, ಏನೂ ಓದಲಾಗಲಿಲ್ಲ ಎಂದುಬಿಡೋಣ ಅನ್ನಿಸಿತು ಅವಳಿಗೆ. ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎದುರಿಗೆ ಆ ಹುಡುಗಿ ಎರಡೂ ಕೈಯಲ್ಲಿ ಮೇಜು ಹಿಡಿದು, ಅವಳ ತುಟಿಯನ್ನೇ ನೋಡುತ್ತಾ ನಿಂತಿದ್ದಳು.

ಉಗುರಕ್ಕ ಪರದೆಯನ್ನು ಅವಳ ಕಡೆ ತಿರುಗಿಸಿದಳು.

"ಇಲ್ಲಿದೆ ವಿಳಾಸ. ಓಡಿದ್ರೆ ಹತ್ತು ನಿಮಿಷ. ನೀವೂ ಹೋಗಿ," ಎಂದು ಸಹಾಯಕನಿಗೆ ಹೇಳಿದಳು. "ಹಿಂಬದಿ ಲಿಫ್ಟು, ಅದರ ಗುಂಡಿಯ ಕೆಳಗಿನ ಕೋಣೆ. ಬೀಗ ಇದ್ರೆ ಒಡೀರಿ. ಏನಾದ್ರೂ ಆದ್ರೆ ನಂದು ಹೊಣೆ."

ಮಗಳು ತಿರುಗುವ ಮೊದಲೇ ಮೈದುನ ಬಾಗಿಲಲ್ಲಿದ್ದ. ಕೈ ಮೇಲಕ್ಕೆ ಚಾಚಿ ಅಂಗಡಿಯ ಷಟರನ್ನು ಒಂದೇ ಎಳೆತಕ್ಕೆ ಒಳಗಿನಿಂದ ಕೆಳಗಿಳಿಸಿದ. ಮಧ್ಯಾಹ್ನದ ಬೆಳಕು ಕಾಲಬುಡದ ಒಂದು ಗೀಟಾಗಿ ಉಳಿಯಿತು.

ಅವನ ಮುಖದಲ್ಲಿ ಕೋಪವಿರಲಿಲ್ಲ. ಕಣ್ಣು ತುಂಬಿತ್ತು. ಅವಳಿಗೆ ನಿಜಕ್ಕೂ ಭಯವಾದದ್ದು ಅದನ್ನು ಕಂಡು.

"ಓಡಿ ಪ್ರಯೋಜನ ಇಲ್ಲ, ಅತ್ತಿಗೆ," ಎಂದ. "ಮೇಷ್ಟ್ರು ಅಲ್ಲಿಲ್ಲ. ನಿನ್ನೆ ರಾತ್ರಿವರೆಗೂ ಇದ್ರು."